ಓಟಿಲ್ಲದ ಊರಲ್ಲಿ ಒಂದು ಚುನಾವಣೆ

ಅಮೆರಿಕಕ್ಕೆ ಹೋಗಿ ಬಂದವರು ಸಾಮಾನ್ಯವಾಗಿ ನಯಾಗರ ಜಲಪಾತದ ಬಗ್ಗೆಯೋ, ಗ್ರ್ಯಾಂಡ್ ಕ್ಯಾನ್ಯನ್ ಬಗ್ಗೆಯೋ ಬರೆಯುತ್ತಾರೆ. ನಯಾಗರ ನಾನೂ ನೋಡಿದ್ದೇನೆ, ಫೋಟೊಗಳೂ ಇವೆ. ಆದರೆ ಎರಡೂವರೆ ವರ್ಷ ಅಲ್ಲಿದ್ದು ವಾಪಸ್ ಬಂದ ಮೇಲೆ ಮನಸ್ಸಿನಲ್ಲಿ ಉಳಿದಿರುವುದು ಜಾರ್ಜಿಯಾ ರಾಜ್ಯದ ಆಲ್ಫರೆಟ್ಟಾ ಅನ್ನೋ ಊರು ಮತ್ತು 2017ರಲ್ಲಿ ಅಲ್ಲಿ ನಡೆದ ಒಂದು ಉಪಚುನಾವಣೆ. ಆ ಚುನಾವಣೆಯಲ್ಲಿ ನನಗೆ ಓಟು ಇರಲಿಲ್ಲ. ಕಂಪನಿ ವೀಸಾ ಮೇಲೆ ಕೆಲಸಕ್ಕೆ ಹೋದವನಿಗೆ ಎಲ್ಲಿಂದ ಬರಬೇಕು? ಆದರೂ ಓಟಿನ ಬಗ್ಗೆ ನಾನು ಕಲಿತದ್ದೆಲ್ಲ ಅಲ್ಲೇ.

ಆಲ್ಫರೆಟ್ಟಾ ಅಟ್ಲಾಂಟಾ ನಗರದಿಂದ ಉತ್ತರಕ್ಕೆ ಸುಮಾರು 40 ಕಿಲೋಮೀಟರ್ ದೂರ. ಜಾರ್ಜಿಯಾ 400 ಅನ್ನೋ ಹೆದ್ದಾರಿಯಲ್ಲಿ ಹೊರಟರೆ ಎರಡೂ ಕಡೆ ಪೈನ್ ಮರಗಳು. ಹೊಸ ಕಟ್ಟಡಕ್ಕೆ ಅಂತ ಅಗೆದ ಕಡೆಯೆಲ್ಲ ಕೆಂಪು ಮಣ್ಣು ಕಾಣುತ್ತದೆ. ಮೊದಲ ಸಲ ನೋಡಿದಾಗ ನಮ್ಮ ತಿಪಟೂರಿನ ತೋಟದ ನೆನಪಾಗಿ ಕಾರು ನಿಧಾನ ಮಾಡಿದ್ದೆ. ತೆಂಗಿನ ಮರ ಮಾತ್ರ ಇಲ್ಲ. ಏಪ್ರಿಲ್ ಬಂದರೆ ಪೈನ್ ಮರದ ಹಳದಿ ಪರಾಗ ಊರಿಗೆಲ್ಲ ಅರಿಸಿನ ಹಚ್ಚಿದ ಹಾಗೆ ಕಾರು, ಕಿಟಕಿ, ಮೆಟ್ಟಿಲ ಮೇಲೆಲ್ಲ ಕೂತುಬಿಡುತ್ತದೆ. ಪಕ್ಕದ ಊರು ರಾಸ್‌ವೆಲ್. ಅಲ್ಲಿನ ಕ್ಯಾಂಟನ್ ಸ್ಟ್ರೀಟ್‌ನ ಹಳೇ ಇಟ್ಟಿಗೆ ಕಟ್ಟಡಗಳ ನಡುವೆ ಸಂಜೆ ಅಡ್ಡಾಡುವುದು, ಶನಿವಾರ ಚಾಟಹೂಚಿ ನದಿ ದಂಡೆಯಲ್ಲಿ ನಡೆಯುವುದು ನನಗೂ ನನ್ನ ಹೆಂಡತಿಗೂ ಅಭ್ಯಾಸವಾಗಿತ್ತು. ಸಾಫ್ಟ್‌ವೇರ್ ಕಂಪನಿಗಳು ತುಂಬಾ ಇರುವುದರಿಂದ ಭಾರತದವರೂ ತುಂಬಾ. ಸೋನಾ ಮಸೂರಿ ಅಕ್ಕಿ, ರಾಗಿ ಹಿಟ್ಟು, ಕರಿಬೇವು ಎಲ್ಲ ಸಿಗುತ್ತದೆ.

ಇಂಥ ತಣ್ಣಗಿನ ಊರಿಗೆ 2017ರ ಚಳಿಗಾಲದಲ್ಲಿ ಚುನಾವಣೆ ಬಂತು. ಆ ಭಾಗವನ್ನು ಅಮೆರಿಕದ ಸಂಸತ್ತಿನ ಕೆಳಮನೆಯಲ್ಲಿ ಪ್ರತಿನಿಧಿಸುತ್ತಿದ್ದವರು ಟಾಮ್ ಪ್ರೈಸ್. ಅಧ್ಯಕ್ಷ ಟ್ರಂಪ್ ಅವರನ್ನು ಆರೋಗ್ಯ ಇಲಾಖೆಗೆ ಮಂತ್ರಿ ಮಾಡಿಕೊಂಡರು. ನಮ್ಮಲ್ಲಿ ಮಂತ್ರಿಯಾಗಬೇಕಾದರೆ ಸಂಸದರಾಗಿರಬೇಕು, ಇಲ್ಲದಿದ್ದರೆ ಆರು ತಿಂಗಳಲ್ಲಿ ಆಗಬೇಕು. ಅಲ್ಲಿ ಪೂರ್ತಿ ಉಲ್ಟಾ. ಮಂತ್ರಿಯಾದವರು ಸಂಸತ್ತಿನಲ್ಲಿ ಇರುವ ಹಾಗಿಲ್ಲ, ಅದು ಸಂವಿಧಾನದ ನಿಯಮ. ಹಾಗಾಗಿ ಜಾರ್ಜಿಯಾದ 6ನೇ ಕ್ಷೇತ್ರ ಖಾಲಿಯಾಯಿತು. ಅವರ ಸಂಸತ್ತಿಗೆ ‘ಕಾಂಗ್ರೆಸ್’ ಅಂತ ಹೆಸರು. ಫೋನಿನಲ್ಲಿ ಅಮ್ಮನಿಗೆ ‘ಇಲ್ಲಿ ಕಾಂಗ್ರೆಸ್ ಚುನಾವಣೆ’ ಅಂದೆ. ಅಮ್ಮ, "ಅಲ್ಲೂ ಕಾಂಗ್ರೆಸ್ಸಾ? ಹಂಗಾದ್ರೆ ಬಿಜೆಪಿಯೋರೂ ಇರ್ಬೇಕಲ್ಲ?" ಅಂದರು. ಅದನ್ನು ಬಿಡಿಸಿ ಹೇಳೋಕೆ ಅರ್ಧ ಗಂಟೆ ಆಯ್ತು.

ಒಂದು ಸೀಟಿಗೆ ದೇಶವೆಲ್ಲ ಯಾಕೆ ಕಣ್ಣಿಟ್ಟಿತ್ತು ಅಂದರೆ, ಅದು ದಶಕಗಳಿಂದ ರಿಪಬ್ಲಿಕನ್ ಪಕ್ಷದ ಭದ್ರಕೋಟೆ. ಸ್ಪೀಕರ್ ಆಗಿದ್ದ ನ್ಯೂಟ್ ಗಿಂಗ್ರಿಚ್ ಇದೇ ಸೀಟಿನವರು. 2016ರ ನವೆಂಬರ್‌ನಲ್ಲಿ ಪ್ರೈಸ್ ನೂರಕ್ಕೆ 61ಕ್ಕೂ ಹೆಚ್ಚು ಮತ ಪಡೆದು ಸಲೀಸಾಗಿ ಗೆದ್ದಿದ್ದರು. ಆದರೆ ಅದೇ ದಿನ, ಅದೇ ಕ್ಷೇತ್ರದಲ್ಲಿ ಟ್ರಂಪ್ ಮುಂದಿದ್ದದ್ದು ಶೇಕಡಾ ಎರಡಕ್ಕಿಂತ ಕಡಿಮೆ ಅಂತರದಿಂದ. ಕೋಟೆಯ ಗೋಡೆ ಬಿರುಕು ಬಿಟ್ಟಿದೆಯಾ ಅಂತ ನೋಡೋಕೆ ಎಲ್ಲರಿಗೂ ಕುತೂಹಲ.

ನಮ್ಮ ಮನೆಯ ಕರೆಗಂಟೆಗೆ ಆಗ ಬಿಡುವೇ ಸಿಗಲಿಲ್ಲ. ಬಾಗಿಲು ತೆಗೆದರೆ ಕೈಯಲ್ಲಿ ಪಟ್ಟಿ, ಮೊಬೈಲು ಹಿಡಿದ ಸ್ವಯಂಸೇವಕರು. ಅವರ ಪಟ್ಟಿಯಲ್ಲಿ ನಮ್ಮ ಮನೆಗೆ ಹಿಂದೆ ಬಾಡಿಗೆಗಿದ್ದವರ ಹೆಸರು. "ಅವರಿಲ್ಲ, ನಾವು ಓಟರ್ಸ್ ಅಲ್ಲ" ಅಂತ ಹೇಳೀ ಹೇಳೀ ಸಾಕಾಯ್ತು. "ನಮ್ಮ ಮದುವೆಯಾದ ಹೊಸದರಲ್ಲೂ ಇಷ್ಟು ಜನ ಮನೆಗೆ ಬಂದಿರ್ಲಿಲ್ಲ" ಅಂತ ಹೆಂಡತಿ ನಗುತ್ತಿದ್ದಳು. ಅಂಚೆ ಡಬ್ಬಿ ತುಂಬಾ ಹೊಳೆಯೋ ಕಾಗದದ ಕರಪತ್ರ, ಟೀವಿ ಹಾಕಿದರೆ ಬರೀ ಪ್ರಚಾರ, ಮನೆ ಮುಂದಿನ ಹುಲ್ಲಿನ ಮೇಲೆಲ್ಲ ಸಣ್ಣ ಸಣ್ಣ ಹೆಸರಿನ ಫಲಕ. ಉತ್ತರಕ್ಕೆ ಮೆಗಿನಿಸ್ ಫೆರಿ ಅನ್ನೋ ರಸ್ತೆ ದಾಟಿದರೆ ಬೇರೆ ಕೌಂಟಿ, ಬೇರೆ ಕ್ಷೇತ್ರ. ರಸ್ತೆಯ ಈ ಕಡೆ ಫಲಕಗಳ ಜಾತ್ರೆ, ಆ ಕಡೆ ಒಂದೂ ಇಲ್ಲ. ಅಲ್ಲಿದ್ದ ನಮ್ಮ ಗೆಳೆಯರ ಮನೆಗೆ ಹೋದರೆ ಯಾವುದೋ ಬೇರೆ ದೇಶಕ್ಕೆ ಹೋದ ಹಾಗೆ ನಿಶ್ಶಬ್ದ.

ಇನ್ನು ಅಭ್ಯರ್ಥಿಗಳ ವಿಷಯ. ನಮ್ಮಲ್ಲಿ ಟಿಕೆಟ್ ಅಂದರೆ ಹೈಕಮಾಂಡ್. ಬಿ ಫಾರಂ ಯಾರ ಕೈಗೆ ಬರುತ್ತೋ ಅವರೇ ಹುರಿಯಾಳು. ಅಮೆರಿಕದಲ್ಲಿ ಬಿ ಫಾರಂ ಕೊಡುವವರು ಮತದಾರರೇ. ಅದಕ್ಕೆ ಪ್ರೈಮರಿ ಅನ್ನುತ್ತಾರೆ. ಜಾರ್ಜಿಯಾದಲ್ಲಿ ಅದಕ್ಕೆ ಪಕ್ಷದ ಸದಸ್ಯತ್ವವೂ ಬೇಡ. ಮತಗಟ್ಟೆಗೆ ಹೋಗಿ ‘ನನಗೆ ಈ ಪಕ್ಷದ ಮತಪತ್ರ ಕೊಡಿ’ ಅಂದರೆ ಆಯ್ತು, ಆ ಪಕ್ಷದ ಹುರಿಯಾಳು ಯಾರಾಗಬೇಕು ಅಂತ ನೀವೇ ಆರಿಸಬಹುದು. ಆದರೆ ಉಪಚುನಾವಣೆಗೆ ಅಲ್ಲಿ ಬೇರೆ ಪದ್ಧತಿ. ಪಕ್ಷಕ್ಕೊಂದು ಪ್ರೈಮರಿ ಇಲ್ಲ, ಎಲ್ಲ ಪಕ್ಷದ ಎಲ್ಲರೂ ಒಂದೇ ಮತಪತ್ರದಲ್ಲಿ. ಅದಕ್ಕೆ ಜನ ಇಟ್ಟಿರೋ ಹೆಸರು ‘ಜಂಗಲ್ ಪ್ರೈಮರಿ’, ಕಾಡು ಪ್ರೈಮರಿ. ಯಾರಿಗಾದರೂ ಅರ್ಧಕ್ಕಿಂತ ಹೆಚ್ಚು ಮತ ಬಿದ್ದರೆ ಅಲ್ಲಿಗೆ ಮುಗೀತು. ಇಲ್ಲದಿದ್ದರೆ ಮೊದಲ ಇಬ್ಬರಿಗೆ ಮತ್ತೊಂದು ಸುತ್ತು.

ಆ ಕಾಡಿನಲ್ಲಿ 18 ಜನ ಇದ್ದರು. 11 ರಿಪಬ್ಲಿಕನ್, 5 ಡೆಮಾಕ್ರಟ್, 2 ಪಕ್ಷೇತರ. ಡೆಮಾಕ್ರಟ್ ಬೆಂಬಲಿಗರು ಹೆಚ್ಚೂಕಡಿಮೆ ಒಬ್ಬರ ಹಿಂದೆಯೇ ಸೇರಿಕೊಂಡರು. ಅವರು 30 ವರ್ಷದ ಜಾನ್ ಆಸಫ್, ಅಂದರೆ ಸರಿಸುಮಾರು ನನ್ನ ವಯಸ್ಸು. ಅವರ ಮನೆ ಕ್ಷೇತ್ರದ ಹೊರಗಿತ್ತು, ಹಾಗಾಗಿ ತಮಗೆ ತಾವೇ ಓಟು ಹಾಕಿಕೊಳ್ಳುವಂತಿರಲಿಲ್ಲ. ಅಭ್ಯರ್ಥಿ ಆ ರಾಜ್ಯದವರಾಗಿದ್ದರೆ ಸಾಕು, ಕ್ಷೇತ್ರದವರೇ ಆಗಬೇಕಿಲ್ಲ. ರಿಪಬ್ಲಿಕನ್ ಮತಗಳು ಮಾತ್ರ 11 ಪಾಲಾಗಬೇಕಿತ್ತು.

ಏಪ್ರಿಲ್ 18, ಮಂಗಳವಾರ ಮತದಾನ. ಬಿದ್ದದ್ದು 1 ಲಕ್ಷ 92 ಸಾವಿರ ಚಿಲ್ಲರೆ ಮತ. ಆಸಫ್‌ಗೆ ಶೇಕಡಾ 48.1. ಎರಡನೇ ಸ್ಥಾನಕ್ಕೆ ಬಂದ ರಾಸ್‌ವೆಲ್‌ನ ಕ್ಯಾರನ್ ಹ್ಯಾಂಡಲ್‌ಗೆ ಶೇಕಡಾ 20 ಕೂಡ ಇಲ್ಲ. ನೋಡೋಕೆ ಎಷ್ಟು ದೊಡ್ಡ ಅಂತರ! ಆದರೆ ಅರ್ಧ ಮುಟ್ಟಲಿಲ್ಲವಲ್ಲ. ನಾನು ಆಫೀಸಿನಲ್ಲಿ ಊಟದ ಹೊತ್ತಿಗೆ ಎಕ್ಸೆಲ್ ತೆಗೆದು ಲೆಕ್ಕ ಹಾಕಿದೆ. ಆಸಫ್‌ಗೆ ಕಡಿಮೆ ಬಿದ್ದದ್ದು ಸುಮಾರು 3,600 ಮತ. ನಮ್ಮ ಆಫೀಸು, ಅದರ ಅಕ್ಕಪಕ್ಕದ ಕಟ್ಟಡಗಳು ಸೇರಿದರೆ ಅಷ್ಟು ಜನ ಇರುತ್ತಿದ್ದರೇನೋ. ಆವತ್ತು ಟ್ರಾಫಿಕ್ ಅಂತಲೋ, ಮೀಟಿಂಗ್ ಅಂತಲೋ ಎಷ್ಟು ಜನ ಹೋಗದೆ ಉಳಿದರೋ. ಒಂದೇ ಸುತ್ತಿಗೆ ಮುಗಿಯಬಹುದಾಗಿದ್ದ ಚುನಾವಣೆ ಇನ್ನೆರಡು ತಿಂಗಳು ಎಳೆಯಿತು.

ಈ ಎರಡು ತಿಂಗಳಲ್ಲೇ ನಮ್ಮ ಪಕ್ಕದ ಮನೆಯ ಟೀಚರಮ್ಮ ನಮಗೆ ಹತ್ತಿರವಾದದ್ದು. 78 ವರ್ಷ, ಒಂಟಿ ಜೀವ. ಶಾಲೆಯಲ್ಲಿ ಸಮಾಜ ಪಾಠ ಮಾಡಿ ನಿವೃತ್ತರಾದವರು. ಅವರ ಮನೆ ಮುಂದೆ ಯಾರ ಫಲಕವೂ ಇರಲಿಲ್ಲ. ಯಾವ ಪಕ್ಷ ಅಂತ ಅವರೂ ಹೇಳಲಿಲ್ಲ, ನಾವೂ ಕೇಳಲಿಲ್ಲ. ನನ್ನ ಹೆಂಡತಿ ಚಕ್ಕುಲಿ ಕೊಟ್ಟರೆ ಅವರು ಪೀಚ್ ಹಣ್ಣಿನ ಕಡುಬಿನಂಥ ಒಂದು ಸಿಹಿ ಮಾಡಿ ತಟ್ಟೆ ತುಂಬಿಸಿ ವಾಪಸ್ ಕೊಡುತ್ತಿದ್ದರು. ಖಾಲಿ ತಟ್ಟೆ ಕೊಡಬಾರದು ಅನ್ನೋ ಶಾಸ್ತ್ರ ಅಲ್ಲೂ ಇದೆ.

ಮೇ ತಿಂಗಳ ಒಂದು ಸಂಜೆ ಅವರ ಜಗಲಿಯಲ್ಲಿ ಕೂತಿದ್ದೆವು. "ನಾನು ಪ್ರೈಮರಿಗೂ ತಪ್ಪಿಸಲ್ಲ" ಅಂದರು. "ನವೆಂಬರ್ ಚುನಾವಣೆಗೆ ಸಾಲು ಇರುತ್ತೆ. ಪ್ರೈಮರಿಗೆ ಹೋದರೆ ಮತಗಟ್ಟೆಯವರು ನನ್ನ ಮಂಡಿನೋವು ವಿಚಾರಿಸ್ತಾರೆ, ಅಷ್ಟು ಬಿಡುವು ಅವರಿಗೆ. ಅವತ್ತು ಆರಿಸಿದವರೇ ತಾನೇ ನವೆಂಬರ್‌ನಲ್ಲಿ ನಿಲ್ಲೋದು? ಆಗ ಬರದೆ ಆಮೇಲೆ ಬಂದು, ಇಬ್ಬರೂ ಸರಿಯಿಲ್ಲ ಅಂತ ಗೊಣಗಿದರೆ ಏನು ಬಂತು?"

ಆಮೇಲೆ ನನ್ನ ಕಡೆ ತಿರುಗಿದರು. "ಜಗತ್ತಿನಲ್ಲೇ ದೊಡ್ಡ ಚುನಾವಣೆ ನಿಮ್ಮದು ಅಂತ ಮಕ್ಕಳಿಗೆ ಪಾಠ ಮಾಡ್ತಿದ್ದೆ. ಕಳೆದ ಸಲ ನೀನು ಎಷ್ಟು ಹೊತ್ತು ಸಾಲಲ್ಲಿ ನಿಂತಿದ್ದೆ?"

ಓಟು ಹಾಕಿದೆಯಾ ಅಂತ ಕೇಳಿದ್ದರೆ ನಿಜ ಹೇಳುತ್ತಿದ್ದೆನೇನೋ. ಹಾಕಿಯೇ ಇರುತ್ತೇನೆ ಅನ್ನೋ ನಂಬಿಕೆಯಿಂದ ಕೇಳಿದರಲ್ಲ, ಬಾಯಿಗೆ ಬಂದದ್ದು "ಒಂದು ಗಂಟೆ" ಅನ್ನೋ ಸುಳ್ಳು. ಅವರಿಗೆ ಖುಷಿಯೋ ಖುಷಿ. "ಒಂದು ಗಂಟೆ! ಆ ಬಿಸಿಲಲ್ಲಿ!" ಅಂತ ತಲೆಯಾಡಿಸಿದರು. ನನ್ನ ಹೆಂಡತಿ ಚಕ್ಕುಲಿ ಮುರಿಯುತ್ತಾ ನೆಲ ನೋಡುತ್ತಿದ್ದಳು.

2014ರ ಲೋಕಸಭಾ ಚುನಾವಣೆಗೆ ಕರ್ನಾಟಕದಲ್ಲಿ ಮತದಾನ ನಡೆದದ್ದು ಏಪ್ರಿಲ್ 17, ಗುರುವಾರ. ಮರುದಿನ ಗುಡ್ ಫ್ರೈಡೆ, ಆಮೇಲೆ ಶನಿವಾರ, ಭಾನುವಾರ. ನಾಲ್ಕು ದಿನ ರಜ. ನನ್ನ ಓಟು ತಿಪಟೂರಿನಲ್ಲಿತ್ತು. ನಮ್ಮ ಟೀಮಿನವರು ಟೆಂಪೊ ಟ್ರಾವೆಲರ್ ಮಾಡಿಕೊಂಡು ಮಡಿಕೇರಿಗೆ ಹೊರಟೆವು. "ಊರಿಗೆ ಬರಲ್ವೇನಪ್ಪಾ, ಓಟು?" ಅಂತ ಅಮ್ಮ ಫೋನ್ ಮಾಡಿದಾಗ "ಕೆಲಸ ಇದೆಯಮ್ಮ, ಒಂದು ಓಟಿಂದ ಏನಾಗುತ್ತೆ" ಅಂದಿದ್ದೆ. ಅವತ್ತು ರಾತ್ರಿ ಆಲ್ಫರೆಟ್ಟಾದಲ್ಲಿ ಮಲಗುವ ಮುಂಚೆ ಹೆಂಡತಿ ಕೇಳಿದಳು, "ಒಂದು ಗಂಟೆ ನಿಂತಿದ್ದು ರಾಜಾಸೀಟ್ ಹತ್ರ ಪಾರ್ಕಿಂಗ್‌ಗೆ ಅಲ್ವಾ?" ಮದುವೆಗೆ ಮುಂಚಿನ ಆ ಫೋಟೊಗಳನ್ನು ಅವಳು ನೋಡಿದ್ದಳು. ನಾನು ನಿದ್ದೆ ಬಂದವನ ಹಾಗೆ ಸುಮ್ಮನಾದೆ.

ಅದೇ ದಿನಗಳಲ್ಲಿ ಮತ್ತೊಂದು ಸಂಗತಿ ನಡೆಯಿತು. ಏಪ್ರಿಲ್ ಸುತ್ತಿಗೆ ಮುಂಚೆ ನೋಂದಾಯಿಸಿಕೊಂಡವರಿಗೆ ಮಾತ್ರ ಜೂನ್ ಸುತ್ತಿನಲ್ಲಿ ಓಟು ಅಂತ ಇತ್ತು. ಕೆಲವರು ಕೋರ್ಟಿಗೆ ಹೋದರು. ಫೆಡರಲ್ ನ್ಯಾಯಾಧೀಶರು ಮೇ 21ರವರೆಗೆ ನೋಂದಣಿಗೆ ಅವಕಾಶ ಕೊಡಬೇಕು ಅಂತ ಆದೇಶ ಮಾಡಿದರು. ಮಂಡ್ಯ ಕಡೆಯ ನಮ್ಮ ಗೆಳೆಯರೊಬ್ಬರು ಏಪ್ರಿಲ್‌ನಲ್ಲಷ್ಟೇ ಅಮೆರಿಕದ ಪೌರತ್ವದ ಪ್ರಮಾಣ ಮಾಡಿದ್ದರು. ಹದಿನಾರು ವರ್ಷದಿಂದ ಅಲ್ಲಿ ತೆರಿಗೆ ಕಟ್ಟುತ್ತಿದ್ದವರು. ಸುದ್ದಿ ಗೊತ್ತಾದ ದಿನವೇ ನೋಂದಾಯಿಸಿ ನನಗೆ ಫೋನ್ ಮಾಡಿದರು. "ಊರಲ್ಲಿ ನನ್ನ ಹೆಸರು ಯಾವತ್ತೋ ಹೋಯ್ತು, ಇಲ್ಲಿ ಈಗ ಬಂತು. ನಡುವೆ ಹದಿನಾರು ವರ್ಷ ನಾನು ಎಲ್ಲೂ ಇರ್ಲಿಲ್ಲ ನೋಡಪ್ಪಾ" ಅಂದರು. ಅವರ ದನಿ ಸ್ವಲ್ಪ ನಡುಗುತ್ತಿತ್ತು.

ಜೂನ್ 20ರಂದು ಎರಡನೇ ಸುತ್ತು. ಹಿಂದಿನ ರಾತ್ರಿ ಟೀಚರಮ್ಮ ಬಾಗಿಲು ತಟ್ಟಿದರು. ಕರೆದುಕೊಂಡು ಹೋಗಬೇಕಿದ್ದ ಮಗಳು ಬೇರೆ ಊರಲ್ಲಿ ಸಿಕ್ಕಿಹಾಕಿಕೊಂಡಿದ್ದಳು. ಮತದಾನದ ದಿನಕ್ಕೆ ಮುಂಚೆಯೇ ಓಟು ಹಾಕುವ ಸೌಲಭ್ಯ ಅಲ್ಲಿದೆ, 1 ಲಕ್ಷ 40 ಸಾವಿರದಷ್ಟು ಜನ ಆಗಲೇ ಹಾಕಿಬಿಟ್ಟಿದ್ದರು. ಇವರು ಮಾತ್ರ "ಚುನಾವಣೆ ದಿನವೇ ಹೋಗೋದು ನನ್ನ ಪದ್ಧತಿ" ಅನ್ನುವವರು. ಬೆಳಿಗ್ಗೆಯಿಂದ ಮಳೆ. ಜಡಿಮಳೆ ಅಂದರೆ ಜಡಿಮಳೆ, ಫೋನಿಗೆ ಪ್ರವಾಹದ ಎಚ್ಚರಿಕೆ ಬರುತ್ತಿತ್ತು. "ಇಷ್ಟು ಮಳೆಯಲ್ಲಿ ಹೋಗಲೇಬೇಕಾ?" ಅಂದೆ. ಆಗಲೇ ರೈನ್‌ಕೋಟು ಹಾಕಿ ಕೈಚೀಲ ಹಿಡಿದು ನಿಂತಿದ್ದರು. "ನೀನು ಬಿಸಿಲಲ್ಲಿ ಒಂದು ಗಂಟೆ ನಿಂತವನು, ನಾನು ಕಾರಿನಲ್ಲಿ ಹೋಗೋಕೆ ಆಗಲ್ವಾ?" ಅಂದರು. ಕಾರಿನ ಬಾಗಿಲು ತೆಗೆಯುವಾಗ ನನ್ನ ಮುಖ ಅವರಿಗೆ ಕಾಣಲಿಲ್ಲ, ಪುಣ್ಯ.

ಮತಗಟ್ಟೆ ಇದ್ದದ್ದು ಒಂದು ಚರ್ಚಿನ ಸಭಾಂಗಣದಲ್ಲಿ. ಕೆಂಪು ಇಟ್ಟಿಗೆ, ಬಿಳಿ ಗೋಪುರ. ಪೊಲೀಸರ ಸಾಲಿಲ್ಲ, ಹಗ್ಗ ಕಟ್ಟಿಲ್ಲ, ಚೀಟಿ ಕೊಡೋ ಏಜೆಂಟರ ಮೇಜಿಲ್ಲ. ನಾನು ಕಾರಿನಲ್ಲೇ ಕೂತೆ. ಕಿಟಕಿಯ ನೀರಿನ ಆಚೆ ಛತ್ರಿಗಳು ಒಂದೊಂದಾಗಿ ಒಳಗೆ ಹೋಗುತ್ತಿದ್ದವು. ಬಗಲಲ್ಲಿ ಮಗು ಎತ್ತಿಕೊಂಡ ಹೆಂಗಸು, ಕಾರ್ಖಾನೆ ಸಮವಸ್ತ್ರದ ಗಂಡಸು, ಒಬ್ಬರನ್ನೊಬ್ಬರು ಹಿಡಿದುಕೊಂಡ ವೃದ್ಧ ದಂಪತಿ. 75 ದಾಟಿದವರು ಬೆಳಿಗ್ಗೆ ಒಂಬತ್ತೂವರೆಯಿಂದ ಸಂಜೆ ನಾಲ್ಕೂವರೆ ನಡುವೆ ಬಂದು ಕೇಳಿದರೆ ಸಾಲಿನ ಮುಂದೆ ಬಿಡಬೇಕು ಅಂತ ಅಲ್ಲಿ ಕಾನೂನಿದೆ. ಟೀಚರಮ್ಮ ಕೇಳಲಿಲ್ಲವಂತೆ. ಇಪ್ಪತ್ತೈದು ನಿಮಿಷ ಆದ ಮೇಲೆ ಹೊರಗೆ ಬಂದರು. ಎದೆಯ ಮೇಲೆ ಪೀಚ್ ಹಣ್ಣಿನ ಚಿತ್ರದ ಸ್ಟಿಕ್ಕರ್, ‘ನಾನು ಜಾರ್ಜಿಯಾದ ಮತದಾರ’ ಅಂತ. ನಮ್ಮ ಬೆರಳಿನ ಶಾಯಿ ಇದ್ದ ಹಾಗೆ ಅವರಿಗೆ ಇದು.

ಕಾರು ಹತ್ತಿ ಕೂತವರು ಆ ಸ್ಟಿಕ್ಕರ್ ಕಿತ್ತು ನನ್ನ ಅಂಗಿಯ ಮೇಲೆ ಅಂಟಿಸಿದರು. "ನಿನ್ನಿಂದ ತಾನೇ ಈ ಓಟು ಬಿದ್ದಿದ್ದು, ಇಟ್ಟುಕೋ." ಬೇಡ ಅನ್ನೋಕೂ ಆಗಲಿಲ್ಲ, ಹಾಕಿಕೊಂಡು ಓಡಾಡೋಕೂ ಆಗಲಿಲ್ಲ. ಮನೆಗೆ ಬಂದು ಪಾಸ್‌ಪೋರ್ಟ್ ಕವರಿನೊಳಗೆ ಅಂಟಿಸಿಟ್ಟೆ.

ಆ ರಾತ್ರಿ ಫಲಿತಾಂಶ ಬಂತು. ಬಿದ್ದ ಮತ 2 ಲಕ್ಷ 60 ಸಾವಿರ, ಏಪ್ರಿಲ್‌ಗಿಂತ 67 ಸಾವಿರ ಹೆಚ್ಚು. 2014ರ ನವೆಂಬರ್‌ನ ಮಾಮೂಲಿ ಚುನಾವಣೆಯಲ್ಲೇ ಈ ಕ್ಷೇತ್ರದಲ್ಲಿ ಬಿದ್ದದ್ದು 2 ಲಕ್ಷ 10 ಸಾವಿರ. ಉಪಚುನಾವಣೆಗೆ ಜನ ಬರಲ್ಲ ಅನ್ನೋ ಮಾತು ಆವತ್ತು ಮಳೆಯಲ್ಲಿ ಕೊಚ್ಚಿಹೋಯಿತು. ಗೆದ್ದವರು ಹ್ಯಾಂಡಲ್, ಶೇಕಡಾ 51.8. ಮೊದಲ ಸುತ್ತಿನಲ್ಲಿ 11 ಪಾಲಾಗಿದ್ದ ರಿಪಬ್ಲಿಕನ್ ಮತಗಳು ಒಟ್ಟಾಗಿದ್ದವು. ಆಸಫ್‌ಗೆ ಏಪ್ರಿಲ್‌ಗಿಂತ ಮೂವತ್ತು ಸಾವಿರ ಮತ ಹೆಚ್ಚು ಬಿದ್ದರೂ ಶೇಕಡಾವಾರು ಅಲ್ಲೇ ನಿಂತಿತು, 48.2. ಎರಡೂ ಕಡೆ ಸೇರಿ ಖರ್ಚಾದದ್ದು 5 ಕೋಟಿ ಡಾಲರ್‌ಗೂ ಹೆಚ್ಚು. ಕೆಳಮನೆಯ ಒಂದು ಸೀಟಿಗೆ ಅದುವರೆಗೆ ಯಾವತ್ತೂ ಅಷ್ಟು ಹಣ ಸುರಿದಿರಲಿಲ್ಲ. ಬಿದ್ದ ಒಂದೊಂದು ಓಟಿಗೆ ಸುಮಾರು 190 ಡಾಲರ್! ನಾನು ಮಡಿಕೇರಿಯಲ್ಲಿ ಬಿಟ್ಟುಬಂದ ಓಟಿನ ಬೆಲೆ ಎಷ್ಟಿತ್ತೋ.

ಕತೆ ಅಲ್ಲಿಗೆ ಮುಗಿಯಲಿಲ್ಲ. 2018ರ ನವೆಂಬರ್‌ಗೆ ಅದೇ ಸೀಟಿಗೆ ಮತ್ತೆ ಚುನಾವಣೆ ಇತ್ತು. ಈ ಸಲ ಮಾಮೂಲಿ ಪದ್ಧತಿ, ಮೇ 22ಕ್ಕೆ ಪ್ರೈಮರಿ. ಡೆಮಾಕ್ರಟ್‌ಗಳಲ್ಲಿ ನಾಲ್ಕು ಜನ ನಿಂತರು, ಯಾರಿಗೂ ಅರ್ಧ ಬರಲಿಲ್ಲ. ಜುಲೈನಲ್ಲಿ ಇಬ್ಬರ ನಡುವೆ ಇನ್ನೊಂದು ಸುತ್ತು. ಟೀವಿ ಕ್ಯಾಮೆರಾಗಳಿಲ್ಲ, ಕರೆಗಂಟೆ ಒತ್ತುವವರು ವಾರಕ್ಕೊಬ್ಬರು. ಅಲ್ಲಿ ಆರಿಸಿಬಂದವರು ಲೂಸಿ ಮೆಕ್‌ಬಾತ್. 2012ರಲ್ಲಿ ಗುಂಡೇಟಿಗೆ ಮಗನನ್ನು ಕಳೆದುಕೊಂಡ ತಾಯಿ. ನವೆಂಬರ್‌ನಲ್ಲಿ ಅವರು ಹ್ಯಾಂಡಲ್ ವಿರುದ್ಧ ಗೆದ್ದರು. 3 ಲಕ್ಷಕ್ಕೂ ಹೆಚ್ಚು ಮತಗಳಲ್ಲಿ ಅಂತರ ಮೂರು ಸಾವಿರ ಚಿಲ್ಲರೆ. ಕೋಟಿಗಟ್ಟಲೆ ಸುರಿದು ಆಗದ್ದು, ಮುಂದಿನ ವರ್ಷ ಯಾರೂ ಗಮನಿಸದ ಬೇಸಿಗೆಯ ಪ್ರೈಮರಿಯಿಂದ ಹೊರಟು ಆಯಿತು. ಟೀಚರಮ್ಮ ಆ ಎರಡೂ ಸುತ್ತಿಗೆ ಹೋಗಿದ್ದರು. ಮತಗಟ್ಟೆಯವರು ಮಂಡಿನೋವು ವಿಚಾರಿಸಿದರಂತೆ.

ಆ ವರ್ಷದ ಕೊನೆಗೆ ನಾವು ಬೆಂಗಳೂರಿಗೆ ವಾಪಸಾದೆವು. ಮಾರ್ಚ್‌ನಲ್ಲಿ ಲೋಕಸಭಾ ಚುನಾವಣೆಯ ದಿನಾಂಕ ಬಂತು. ತುಮಕೂರು ಕ್ಷೇತ್ರಕ್ಕೆ ಏಪ್ರಿಲ್ 18, ಗುರುವಾರ. ಆಲ್ಫರೆಟ್ಟಾದ ಕಾಡು ಪ್ರೈಮರಿಗೆ ಸರಿಯಾಗಿ ಎರಡು ವರ್ಷ. ಮತ್ತೆ ಮರುದಿನ ಗುಡ್ ಫ್ರೈಡೆ! ಹಿಂದಿನ ದಿನ ಮಹಾವೀರ ಜಯಂತಿ ಬೇರೆ. ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಚಿಕ್ಕಮಗಳೂರು ಹೋಮ್‌ಸ್ಟೇ ಚಿತ್ರಗಳು ಓಡಾಡತೊಡಗಿದವು. ‘ನಾನು ಬರಲ್ಲ, ಊರಲ್ಲಿ ಓಟಿದೆ’ ಅಂತ ಬರೆದೆ. ಒಬ್ಬ ಹುಡುಗ ‘ಒಂದು ಓಟಿಂದ ಏನಾಗುತ್ತೆ ಸರ್’ ಅಂತ ಹಾಕಿದ. ನನ್ನದೇ ಮಾತು, ಐದು ವರ್ಷ ಹಳೆಯದು. ಬೈಯೋಕೆ ಬಾಯಿ ಬರಲಿಲ್ಲ. 3,600ರ ಲೆಕ್ಕ ಬರೆದು ಕಳಿಸಿದೆ. ಅವನು ಹೋದನೋ ಬಿಟ್ಟನೋ ಗೊತ್ತಿಲ್ಲ. ಬೆಂಗಳೂರಿನ ಮೂರು ಕ್ಷೇತ್ರಗಳಲ್ಲೂ ಆ ಸಲ ಮತದಾನ ಶೇಕಡಾ 55 ಮುಟ್ಟಲಿಲ್ಲ. ನೂರು ಕಿಲೋಮೀಟರ್ ಆಚೆ ಮಂಡ್ಯದಲ್ಲಿ 80.

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಸಾಲು ಆವರಣದ ಬೇವಿನ ಮರದವರೆಗೆ ಇತ್ತು. ಅಮ್ಮ ನನ್ನ ಮುಂದೆ, ಕೈಯಲ್ಲಿ ಚೀಟಿ ಮಡಚಿ ಹಿಡಿದಿದ್ದರು. "ಬಿಸ್ಲು ಜಾಸ್ತಿ, ಸೆರಗು ತಲೆ ಮೇಲೆ ಹಾಕ್ಕೋಮ್ಮ" ಅಂದರೆ, "ನೀನು ಬಂದಿದ್ದೀಯಲ್ಲ, ಸಾಕು ಬಿಡು" ಅಂದರು. ಒಳಗೆ ಗುಂಡಿ ಒತ್ತಿದ ಮೇಲೆ ವಿವಿಪ್ಯಾಟ್ ಗಾಜಿನ ಹಿಂದೆ ಚೀಟಿ ಬಂದು ಏಳು ಸೆಕೆಂಡ್ ನಿಂತು ಬಿತ್ತು. ಟೀಚರಮ್ಮ 2017ರಲ್ಲಿ ಓಟು ಹಾಕಿದ ಟಚ್ ಸ್ಕ್ರೀನ್ ಯಂತ್ರದಲ್ಲಿ ಇಂಥ ಕಾಗದದ ಗುರುತೇ ಇರಲಿಲ್ಲ. ಇದನ್ನು ಅವರಿಗೆ ಹೇಳಬೇಕು ಅನ್ನಿಸಿತು. ಆಮೇಲೆ, ಹೇಳಬೇಕಾದದ್ದು ಇನ್ನೂ ಒಂದಿದೆ ಅನ್ನಿಸಿತು.

ಮನೆ ಜಗಲಿ ಮೇಲೆ ಕೂತು ಶಾಯಿ ಹಾಕಿದ ಬೆರಳಿನ ಫೋಟೊ ತೆಗೆದೆ. ಪಕ್ಕದಲ್ಲಿ ಪಾಸ್‌ಪೋರ್ಟ್ ಕವರಿನ ಪೀಚ್ ಸ್ಟಿಕ್ಕರ್ ಇಟ್ಟೆ. ಜೊತೆಗೆ ಬರೆದೆ: ಅವತ್ತು ನಾನು ಸುಳ್ಳು ಹೇಳಿದ್ದೆ, 2014ರಲ್ಲಿ ಓಟು ಹಾಕಿರಲಿಲ್ಲ, ಟ್ರಿಪ್ ಹೋಗಿದ್ದೆ, ದಯವಿಟ್ಟು ಕ್ಷಮಿಸಿ. ಕಳಿಸುವ ಮುಂಚೆ ಎರಡು ಸಲ ಅಳಿಸಿ ಮತ್ತೆ ಬರೆದೆ.

ಅಲ್ಲಿ ಬೆಳಗಾದ ಮೇಲೆ ಉತ್ತರ ಬಂತು. ಬೈಗುಳವೂ ಇಲ್ಲ, ಉಪದೇಶವೂ ಇಲ್ಲ. ಒಂದೇ ಪ್ರಶ್ನೆ: "ಈ ಸಲ ಎಷ್ಟು ಹೊತ್ತು ನಿಂತೆ?"

ನಲವತ್ತು ನಿಮಿಷ ಅಂತ ಬರೆದೆ. ಗಡಿಯಾರ ನೋಡಿಕೊಂಡೇ ನಿಂತಿದ್ದೆ.